ಹೆಬ್ಬೆರಳ ಬುಡದಿಂದ

ನಮ್ಮತ್ತೆಯ ಬಲಗೈ ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ಜಡ್ಡು ಇತ್ತು. ಬಣ್ಣವೂ ಹುಣಸೆಬೀಜದ್ದೇ. ಕೂತು ಮಾತಾಡುವಾಗ ಎಡಗೈ ಬೆರಳಿನಿಂದ ಅದನ್ನು ತೀಡುತ್ತಿರುವುದು ಅವರ ರೂಢಿ. ಘೋಣಸಗಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಚಾಟನಿ ಕತ್ತರಿ ಹಿಡಿದು ಹಿಡಿದು ಬಂದ ಜಡ್ಡು ಅದು. ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟನಿ ಅನ್ನುತ್ತಾರೆ. ದಸರೆಯ ನಂತರದ ಚಾಟನಿ ಚೆನ್ನಾಗಿ ಆದರೆ ಹಣ್ಣು, ಇಲ್ಲದಿದ್ದರೆ ಬರೀ ಎಲೆ. ಅದಕ್ಕೆ ನಮ್ಮ ಮನೆಯಲ್ಲೊಂದು ಪದ್ಧತಿ. ಕೆಲಸದವರ ಗುಂಪು ಎಷ್ಟೇ ದೊಡ್ಡದಿರಲಿ, ಮೊದಲ ಕಡ್ಡಿಯನ್ನು ಮನೆಯ ಹಿರಿಯ ಹೆಣ್ಣುಮಗಳೇ ಕತ್ತರಿಸಬೇಕು. ಅದೂ ಮೂಡಲ ಮೂಲೆಯ ದಪ್ಪ ಕಡ್ಡಿ, ಅದೂ ಬಲಗೈಯಿಂದ. ಅಲ್ಲಿಯವರೆಗೆ ಯಾರೂ ಬಳ್ಳಿ ಮುಟ್ಟುವಂತಿಲ್ಲ.

ನಾನು ವಿಜಯಪುರದಲ್ಲೇ ಹುಟ್ಟಿ ಬೆಳೆದವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮದುವೆಯಾಗಿ ಬಂದ ಮನೆಯೂ ಅದೇ ಊರೊಳಗೇ, ತೋಟಕ್ಕೆ ಬಸ್ಸಿನಲ್ಲಿ ಹೋಗಬೇಕು. ತೋಟಕ್ಕೆ ಬಾ ಎಂದು ಯಾರು ಕರೆದರೂ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: "ಸಾಲಿ ಐತ್ರಿ." ಅತ್ತೆ ಒಮ್ಮೆಯೂ ಸಿಟ್ಟಾಗಲಿಲ್ಲ. "ಹೂಂ, ಸಾಲಿ ನೋಡವ್ವ ನೀ" ಎಂದು ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಸಾರಿಗೆ ಉಪ್ಪು ಹಾಕಿದೆಯಾ, ಹಾಲಿನವ ಬಂದಿದ್ದನಾ, ಅಷ್ಟೇ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ತೋಟಕ್ಕೆ ಹೋಗುತ್ತ ತಿಕೋಟಾದಲ್ಲಿ ಬಸ್ಸಿಳಿಯುವಾಗ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆಷಾಢದಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ಆ ಕೈ ಅವರದು ಅನಿಸಲೇ ಇಲ್ಲ. ಒಣಗಿ ಸಣ್ಣದಾಗಿತ್ತು, ಜಡ್ಡು ಮಾತ್ರ ಹಾಗೆಯೇ ಇತ್ತು. ಚಹದ ಕಪ್ಪು ಹಿಡಿದರೆ ಕೈಜಾರಿ ಬೀಳುತ್ತಿತ್ತು. ಒಡೆದ ಕಪ್ಪಿನ ಚೂರು ನಾನು ಬಳಿಯುತ್ತಿದ್ದರೆ, ಅವರು ಕಿಟಕಿಯತ್ತ ನೋಡುತ್ತ, "ದಸರಾ ಮುಗದ ಮ್ಯಾಲ ಚಾಟನಿ ಐತಿ" ಅಂದರು. ಎಡಗೈಯಿಂದ ಕತ್ತರಿಸಿದರಾಯಿತು ಅಂದೆ. ನನ್ನನ್ನು ಹೇಗೆ ನೋಡಿದರು ಅಂತೀರಿ! "ಎಡಗೈ ಪೂಜ್ಯಾಗ ಲಿಂಗ ಹಿಡಿಯೂ ಕೈ ಬೇ. ಅದಕ್ಕ ಕತ್ತರಿ ಕೊಡ್ತಾರೇನ?"

ಡಾಕ್ಟರು ಮೆತ್ತನೆಯ ಚೆಂಡೊಂದನ್ನು ಒತ್ತಿಸಲು ಹೇಳಿದ್ದರು. ಚೆಂಡಿಗೆ ಅತ್ತೆ ಎರಡೇ ದಿನಕ್ಕೆ ಬೇಸತ್ತರು. "ಇದನ್ನ ಓಣ್ಯಾಗಿನ ಯಾವದರ ಕೂಸಿಗೆ ಕೊಡು, ಆಡ್ತೈತಿ." ನಾನು ಸುಮ್ಮನಿರುವವಳಲ್ಲ. ಮೊಬೈಲಿನಲ್ಲಿ ಹುಡುಕಿದೆ, ಆಟದ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿದೆ. ಮುಷ್ಟಿ ಗಟ್ಟಿಮಾಡುವ ಗ್ರಿಪ್ಪರುಗಳು ಎಷ್ಟು ತರಹ ಅಂತ ಆಗಲೇ ಗೊತ್ತಾದದ್ದು. ಮೊದಲು ರಬ್ಬರಿನ ಬಳೆಯಂಥದು ತಂದೆ. ಒತ್ತಲು ಹಿತ, ಆದರೆ ಹಿಡಿ ಪೂರ್ತಿ ಮುಚ್ಚುತ್ತಿರಲಿಲ್ಲ. ಆಮೇಲೆ ನಾಲ್ಕು ಬೆರಳಿಗೆ ನಾಲ್ಕು ಗುಂಡಿ ಇರುವಂಥದು ಬಂತು. ಅದನ್ನು ತೊಡೆಯ ಮೇಲಿಟ್ಟು ಹಾರ್ಮೋನಿಯಂ ಪೇಟಿ ಬಾರಿಸುವವರ ಹಾಗೆ ಬೆರಳಾಡಿಸಿ, "ಭಜನಿಗೆ ಚಲೋ ಐತಿ" ಎಂದು ವಾಪಸ್ಸು ಕೊಟ್ಟರು. ತಿರುವಿದರೆ ಬಿಗಿಯಾಗುವ, ಸಡಿಲವಾಗುವ ಸ್ಪ್ರಿಂಗಿನದು ಒಂದು. ಅದು ಒತ್ತಿದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು. ಅತ್ತೆ ಅದಕ್ಕೆ ಕುಸುಬೆ ಎಣ್ಣೆ ಬಿಟ್ಟು ಬಾಯಿ ಮುಚ್ಚಿಸಿದರು. ಉಕ್ಕಿನದೊಂದನ್ನು ನಮ್ಮ ಯಜಮಾನರು ತಾವೇ ಆರಿಸಿ ತಂದರು. ಅದನ್ನು ಮುಚ್ಚಲು ಹೋಗಿ ಮುಖವೆಲ್ಲ ಕೆಂಪಾಗಿ, ಕೊನೆಗೆ ಎರಡೂ ಕೈ ಹಚ್ಚಿದರು. "ಅಂಗಡ್ಯಾಗ ಇದು ಸಡ್ಲ ಇತ್ತು ಬೇ ಯವ್ವಾ" ಅಂದಾಗ ಅತ್ತೆ ನಕ್ಕ ನಗು! ಕೈ ಮುರಿದ ಮೇಲೆ ಮೊದಲ ಸಲ ನಕ್ಕದ್ದು ಅದು.

ದಿನಾ ನಾನು ಸಾಲೆಯಿಂದ ಬರುವಷ್ಟರಲ್ಲಿ ಚಹಾ ಕುದಿಯುತ್ತಿರುತ್ತಿತ್ತು. ಚಾಪೆಯ ಮೇಲೆ ಗ್ರಿಪ್ಪರುಗಳ ಸಾಲು. ಯಾವುದು ಯಾವುದಕ್ಕಿಂತ ಮೇಲು ಎಂಬ ವಿಚಾರಣೆ ಶುರುವಾಗುತ್ತಿತ್ತು. ಅದರಲ್ಲಿ ಅವರದೊಂದು ವಿಚಿತ್ರ ಹಟ. ಯಾವುದನ್ನೂ ತಾವು ಮೊದಲು ಒತ್ತುತ್ತಿರಲಿಲ್ಲ.

"ಮೊದಲ ನೀ ಒತ್ತು. ಹೆಂಗನಸ್ತೈತಿ ಹೇಳು."

"ಕೈ ನಿಮ್ಮದು ಸುಧಾರಿಸಬೇಕ್ರಿ ಯವ್ವಾ, ನಂದಲ್ಲ!"

"ನನ್ನ ಕೈ ಸುಳ್ಳು ಹೇಳಾಕತ್ತೈತಿ. ಎಲ್ಲಾನೂ ಬಿಗಿ ಅಂತೈತಿ. ನೀ ಒತ್ತಿ ಹೇಳು, ಜೋರು ಎಲ್ಲಿ ಬೀಳ್ತೈತಿ? ಮಣಿಕಟ್ಟಿಗೋ, ಹೆಬ್ಬೆಟ್ಟಿನ ಬುಡಕ್ಕೋ?"

ಮಣಿಕಟ್ಟಿಗೆ ಅಂದರೆ ಆ ಗ್ರಿಪ್ಪರು ಮೂಲೆ ಸೇರುತ್ತಿತ್ತು, ಇಲ್ಲವೇ ನಾನು ಹಿಡಿದದ್ದೇ ತಪ್ಪೆಂದು ನನ್ನ ಬೆರಳು ಬಿಡಿಸಿ ಮತ್ತೆ ಕೂಡಿಸುತ್ತಿದ್ದರು. ಹೆಬ್ಬೆರಳ ಬುಡಕ್ಕೆ ಅಂದರೆ ಮುಖ ಅರಳುತ್ತಿತ್ತು. "ಇನ್ನೊಮ್ಮಿ ಒತ್ತು. ಹಾಂ. ಮತ್ತೊಮ್ಮಿ." ಅವರು ಹೆದರಿದ್ದಾರೆ, ನಾನು ಮೊದಲು ಮಾಡಿದರೆ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಕೊನೆಗೆ ಗೆದ್ದದ್ದು ತಿರುವುವ ಸ್ಪ್ರಿಂಗಿನದೇ. ಅವರ ಪಾಳಿ ಬಂದಾಗ ಅದನ್ನು ಸಡಿಲ ಮಾಡುತ್ತಿದ್ದೆವು, ನನ್ನ ಪಾಳಿಗೆ ಅವರೇ ಬಿಗಿ ಮಾಡುತ್ತಿದ್ದರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ. "ಏನ್ರಿ ಇದು, ನನ್ನನ್ನ ಕುಸ್ತಿಗೆ ಕಳಸ್ತೀರೇನು?" ಎಂದು ರೇಗಿದರೆ, "ಚಾಕ್‌ಪೀಸ್ ಹಿಡಿದು ಹಿಡಿದು ಕೈ ಹತ್ತಿ ಆಗೇತಿ ನಿಂದು" ಅನ್ನುತ್ತಿದ್ದರು.

ಕೈಗೆ ಕೆಲಸವಿದ್ದರೆ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ. ಆ ಸಂಜೆಗಳಲ್ಲಿ ಅವರು ಏನೇನೋ ಹೇಳಿದರು. ಅವರ ತವರು ಕಾಖಂಡಕಿ. ಅಲ್ಲಿ ಜೋಳ ಕೊಯ್ದ ಕೈ, ಇಲ್ಲಿಗೆ ಬಂದಾಗ ಬಳ್ಳಿ ಕಂಡರೆ ಹಿಂಜರಿಯುತ್ತಿತ್ತಂತೆ. ತಪ್ಪು ಕಡೆ ಕತ್ತರಿಸಿ ಹಣ್ಣು ಕಳೆದೇನೆಂದು ಕತ್ತರಿಯನ್ನು ಕಾಳಿನ ಚೀಲದಲ್ಲಿ ಬಚ್ಚಿಟ್ಟಿದ್ದರಂತೆ. "ನಮ್ಮತ್ತಿ ಹುಡುಕಿ ತಗದ್ಲು. ಬೈಲಿಲ್ಲ. ಕೈಯಾಗ ಕೊಟ್ಟು ಹಿಂದ ನಿಂತ್ಲು ಅಷ್ಟ." ಇದನ್ನು ಹೇಳುವಾಗ ಹೊಸ ಸೊಸೆಯ ಹಾಗೆ ನಾಚಿಕೊಂಡರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಹೆಣ್ಣುಮಗಳನ್ನು ನಾನು ಕಂಡೇ ಇರಲಿಲ್ಲವಲ್ಲ ಅನಿಸಿತು. ಅವರನ್ನು ಬಹಳ ಪ್ರೀತಿಸತೊಡಗಿದ್ದೆ. ಬಾಯಿ ಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಚಹಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದೆ.

ಚಾಟನಿಯ ದಿನ ಬಂತು. ಆ ಸಲ ನಾನೇ ರಜೆ ಹಾಕಿ ಹೋದೆ. ಅವರ ಕೈ ಏನು ಮಾಡುತ್ತದೋ ಎಂಬ ಚಿಂತೆಯಲ್ಲಿ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಮೂಡಲ ಮೂಲೆಯ ಬಳ್ಳಿಗೆ ಕಾಯಿ ಒಡೆದು, ಕತ್ತರಿಗೆ ಅರಿಷಿಣ ಕುಂಕುಮ ಹಚ್ಚಿದರು. ಹೊನವಾಡದಿಂದ ಬಂದ ಗುಂಪಿನವರು ಸಾಲುಗಳ ತುದಿಯಲ್ಲಿ ನಿಂತಿದ್ದರು. ಅವರ ಹಿರಿಯ, ಅತ್ತೆಯ ಕೈ ನೋಡಿ ಮೆಲ್ಲಗೆ, "ಅವ್ವಾರ, ಸಣ್ಣ ಕಡ್ಡಿ ಕತ್ತರಸ್ರಿ, ನಡೀತೈತಿ" ಅಂದ. "ಬಳ್ಳಿಗೆ ತಿಳಿಯಂಗಿಲ್ಲೇನಪಾ?" ಎಂದು ಅತ್ತೆ ದಪ್ಪ ಕಡ್ಡಿಗೇ ಕತ್ತರಿ ಇಟ್ಟರು.

ಒತ್ತಿದರು. ಅಲಗು ಸಿಪ್ಪೆ ದಾಟಿ ಒಳಗೆ ಹೋಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರು. ಕತ್ತರಿ ಸರಿಯಲಿಲ್ಲ. ನಮ್ಮ ಯಜಮಾನರು ನೆಲ ನೋಡುತ್ತಿದ್ದರು. ಅಯ್ಯೋ ದೇವರೇ, ಇಷ್ಟು ಜನರೆದುರಿಗೆ ಇವರಿಗೆ ಹೀಗಾಗಬೇಕಾ ಅಂತ ನನ್ನ ಕಣ್ಣು ತುಂಬಿತು.

ಅತ್ತೆಯ ಮುಖದಲ್ಲಿ ಮಾತ್ರ ಗಾಬರಿಯಿರಲಿಲ್ಲ. ತಿರುಗಿ ನೋಡದೆಯೇ, "ಬಾ ಬೇ ಇಲ್ಲಿ" ಎಂದು ನನ್ನನ್ನು ಕರೆದರು. ಕತ್ತರಿಯನ್ನು ಕಡ್ಡಿಯಿಂದ ತೆಗೆಯದೆ ನನ್ನ ಬಲಗೈಗೆ ಕೊಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು. ಹಗುರಾದ, ಬಿಸಿಯಾದ ಕೈ. ಜಡ್ಡು ನನ್ನ ಬೆರಳ ಗೆಣ್ಣಿಗೆ ತಾಗಿತು.

"ಒತ್ತು. ಹೆಬ್ಬೆಟ್ಟಿನ ಬುಡದಿಂದ."

ಒತ್ತಿದೆ. ಕಡ್ಡಿ ಟಕ್ಕನೆ ತುಂಡಾಗಿ ನಮ್ಮಿಬ್ಬರ ಕಾಲ ಬಳಿ ಬಿತ್ತು. ಗುಂಪಿನವರು ಸಾಲಿಗಿಳಿದರು, ಎಲ್ಲ ಕಡೆ ಕತ್ತರಿಗಳ ಸದ್ದು ಶುರುವಾಯಿತು.

ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚುವಾಗ ಕೇಳಿದೆ, "ಇಷ್ಟು ದಿನ ನನ್ನ ಕಡೆಯಿಂದ ಒತ್ತಿಸಿದ್ದು ಇದಕ್ಕೇನ್ರಿ?"

ರೊಟ್ಟಿ ಮುರಿಯುತ್ತಲೇ ಹೇಳಿದರು: "ನನ್ನ ಕೈ ಹೋಗೇತಿ ಅಂತ ಆಷಾಢದಾಗ ಗೊತ್ತಾಗಿತ್ತು. ನಿನ್ನ ಕೈ ಬರಬೇಕಾಗಿತ್ತು."

"ಮೊದಲ ಹೇಳಬಾರದೇನ್ರಿ ಯವ್ವಾ?"

"ಹೇಳಿದ್ರ, ಸಾಲಿ ಐತ್ರಿ ಅಂತಿದ್ದಿ."

ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಮಾಡಿದೆ. ಅವರು ನನ್ನ ತಟ್ಟೆಗೆ ಶೇಂಗಾ ಚಟ್ನಿಪುಡಿ ಹಾಕುತ್ತ, "ಉಣ್ಣು, ಖಾರ ಹತ್ತೇತಿ ಅಂತಾರ ಮಂದಿ" ಅಂದರು.

ಆ ಬೆಳೆಯ ಹಣ್ಣನ್ನು ಅವರು ಕಂಡರು. ಒಣದ್ರಾಕ್ಷಿ ಮಾಡುವ ಶೆಡ್ಡಿಗೂ ಬಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಸಿಹಿ ಕಡಿಮೆ ಎಂದು ಮಗನಿಗೆ ಬೈದರು. ಮಳೆಗಾಲ ಹಿಡಿಯುವ ಮೊದಲು ಜ್ವರ ಬಂದು ಮಲಗಿದವರು ಏಳಲಿಲ್ಲ. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು. ಅವರ ಬಲಗೈಯನ್ನು ನನ್ನ ಕೈಯೊಳಗೆ ಹಿಡಿದುಕೊಂಡೇ ಕೂತಿರುತ್ತಿದ್ದೆ. ಆಗಾಗ ನನ್ನ ಹೆಬ್ಬೆರಳ ಬುಡವನ್ನು ಬೆರಳಿನಿಂದ ತಡವಿ ನೋಡುತ್ತಿದ್ದರು, ಜಡ್ಡು ಬಂದಿದೆಯೇ ಎಂದು. ಆಗಿನ್ನೂ ಬಂದಿರಲಿಲ್ಲ.

ಗ್ರಿಪ್ಪರು ಈಗಲೂ ಚಾಪೆಯ ಪಕ್ಕದಲ್ಲೇ ಇದೆ. ಸಂಜೆ ಚಹಾ ಕುಡಿದು ಒತ್ತುತ್ತೇನೆ. ಬಿಗಿ ಮಾಡುವವರು ಇಲ್ಲ, ನಾನೇ ಮಾಡಿಕೊಳ್ಳುತ್ತೇನೆ.

ಈ ವರ್ಷ ಚಾಟನಿಗೆ ಸಾಲೆಗೆ ಮೊದಲೇ ರಜೆ ಹೇಳಿದ್ದೆ. ಕಾಯಿ ಒಡೆದದ್ದಾಯಿತು, ಕತ್ತರಿಗೆ ಕುಂಕುಮ ಹಚ್ಚಿದ್ದಾಯಿತು. ದಪ್ಪ ಕಡ್ಡಿಗೆ ಅಲಗು ಇಟ್ಟು ನಿಂತೆ. ನಿಂತೇ ಇದ್ದೆ. ಗುಂಪಿನ ಹಿರಿಯ, "ಒತ್ರಿ ಟೀಚರ್, ಹೊತ್ತಾಗಾಕತ್ತೈತಿ" ಅಂದ. ಕೈಯಲ್ಲಿ ಬಲವಿತ್ತು, ಹೆದರಿಕೆಯೂ ಇರಲಿಲ್ಲ. ಮೇಲೆ ಇನ್ನೊಂದು ಕೈ ಬರಲಿ ಎಂದು ಕಾಯುತ್ತಿದ್ದೆ, ಅಷ್ಟೇ.