ಸರ್ದಾರನ ಗಂಟೆ

ಲಾಲ್ ಅಹ್ಮದ್ ಚಿಂಚೋಳಿ ಗುಡ್ಡದಲ್ಲಿ ನಿಂತು ‘ಹೋ’ ಎಂದರೆ ವಾಡಿ ಸ್ಟೇಷನ್ನಿನ ಗಾರ್ಡು ಹಸಿರು ಬಾವುಟ ಎತ್ತುತ್ತಿದ್ದ. ಮೂವತ್ತು ವರ್ಷ ತಟ್ಟುಗುದುರೆ ಏರಿ, ಚಿಂಚೋಳಿಯ ಎತ್ತುಗಳನ್ನು ನಾಲ್ಕು ದಿನದ ದಾರಿ ನಡೆಸಿ ಶಹಾಬಾದಿನ ಸಂತೆಗೆ ಮುಟ್ಟಿಸಿದವನು. ಆ ಕುದುರೆಯ ಪಕ್ಕೆಲುಬಿನ ಮೇಲೆ ಹೆಂಡತಿ ಅಖ್ತರ ಬೇಗಂ ಬಟ್ಟೆ ಒಣಹಾಕುತ್ತಿದ್ದಳು, ಅಷ್ಟು ಪುಷ್ಟ ಪ್ರಾಣಿ.

ಹಿಂಡಿನ ಮುಂದೆ ಗಂಟೆ ಕಟ್ಟಿದ ಎತ್ತೊಂದು ನಡೆಯಬೇಕು. ಅದು ಸತ್ತರೆ, ಮಣ್ಣು ಮಾಡುವ ಮೊದಲೇ ಗಂಟೆ ಇನ್ನೊಂದರ ಕೊರಳಿಗೆ ಬರಬೇಕು. “ಗಂಟಿ ಎತ್ತಿಂದಲ್ಲ, ದಾರೀದು,” ಎನ್ನುತ್ತಿದ್ದ ಅವನ ಅಬ್ಬಾ. ಆದರೆ ಸರ್ದಾರನೆಂಬ ಎತ್ತು ಸೇಡಂ ದಾರಿಯ ಬೇವಿನ ಬುಡದಲ್ಲಿ ಸತ್ತಾಗ ಲಾಲ್ ಅಹ್ಮದನ ಕರುಳು ಕೇಳಲಿಲ್ಲ. ಗಂಟೆಯ ನಾಲಿಗೆ ಕಿತ್ತು ಜೇಬಿಗಿಟ್ಟುಕೊಂಡು, ಗಂಟೆಯನ್ನು ಸರ್ದಾರನ ಜೊತೆಗೇ ಹೂತ. ಇನ್ನೊಂದು ಎತ್ತಿಗೆ ಹೊಸ ಗಂಟೆ ತಂದ.

ಆಮೇಲೆ ಆ ಬೇವು, ನೀರಿನ ಹೊಂಡ, ಅರ್ಧ ದಾರಿ ಎಲ್ಲವೂ ಸುಣ್ಣಕಲ್ಲಿನ ಗಣಿಯ ತಂತಿಬೇಲಿಯೊಳಗೆ ಹೋದವು. ಎತ್ತು ಸಾಗಿಸಲು ವ್ಯಾಪಾರಿಗಳು ಲಾರಿ ಹಿಡಿದರು. ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಲಾಲ್ ಅಹ್ಮದ್ ಅವರ ಮುಂದೆ ಕೈಮುಗಿದ: “ನಲವತ್ತು ಎತ್ತು ಕೊಡ್ರಿ. ಇದೊಂದ್ ಸಲ ನಡಸ್ಕೊಂಡು ಹೋಗ್ತೀನಿ. ಒಂದು ಹಿಂದುಳಿದ್ರೂ ಮತ್ತ ನಿಮ್ಮ ಬಾಗಿಲಿಗಿ ಬರಂಗಿಲ್ಲ.”

ಮೂರನೆಯ ದಿನ, ಮಟಮಟ ಮಧ್ಯಾಹ್ನ, ಬೇಲಿಯ ಹತ್ತಿರ ಹಿಂಡು ನಿಂತಿತು. ಗಣಿಯ ಧೂಳು ಕೂತು ನಲವತ್ತೂ ಒಂದೇ ಬಿಳುಪು. ಅಲ್ಲಿ ಕಾಗೆಗಳೇ ಕೊಕ್ಕರೆಯಾಗಿದ್ದವು. ಒಳಗಿಂದ ಗಂಟೆ ಕೇಳಿತು. ಎಡಗಾಲು ಕುಂಟುತ್ತಿದ್ದ ಸರ್ದಾರ ನಡೆದಂತೆಯೇ: ಎರಡು ಸದ್ದು, ಒಂದು ತಡೆ.

ಹಿಂಡು ಗಣಿಯ ಗೇಟಿನೊಳಗೆ ನುಗ್ಗಿತು. ಲಾಲ್ ಅಹ್ಮದ್ ‘ಹೋ’ ಎಂದ. ಒಂದು ಕಿವಿಯೂ ಅಲುಗಲಿಲ್ಲ.

ಒಳಗೆ ಮಣ್ಣಿನ ದಿಬ್ಬಕ್ಕೆ ಹಿಂಬಾಗಿಲು ಆನಿಸಿ ಖಾಲಿ ಲಾರಿಯೊಂದು ನಿಂತಿತ್ತು. ಅದರ ಮೂತಿಗೆ ಸರ್ದಾರನ ಗಂಟೆ. ನೆರಳಲ್ಲಿ ರೊಟ್ಟಿ ಮುರಿಯುತ್ತಿದ್ದ ಡ್ರೈವರ್ ಜಗದೇವಪ್ಪ ನಕ್ಕ.

“ಏನ್ ಚಾಚಾ, ನಿಮ್ ಎತ್ತೂ ಲಾರಿ ಹತ್ತಾಕ ಬಂದಾವೇನು?”

“ಆ ಗಂಟಿ ಎಲ್ಲೀದು?”

“ಮಣ್ಣಾಗ ಸಿಕ್ತು. ದೃಷ್ಟಿ ಆಗಬಾರ್ದಂತ ಕಟ್ಟೀನಿ. ನಾಲಿಗಿನೇ ಇಲ್ಲ, ಒಂದಿನಾನೂ ಸಪ್ಪಳ ಮಾಡಿಲ್ಲ. ಬೇಕಂದ್ರ ಒಯ್ರಿ.”

ಲಾಲ್ ಅಹ್ಮದ್ ಬಿಚ್ಚಿ ಎದೆಗೊತ್ತಿ ಹಿಡಿದ. ಆ ಬಿಸಿಲಲ್ಲೂ ಗಂಟೆ ತಣ್ಣಗಿತ್ತು. ಸದ್ದು ಮಾತ್ರ ಲಾರಿಯೊಳಗಿಂದಲೇ ಬರುತ್ತಿತ್ತು. ಎತ್ತುಗಳು ಒಂದೊಂದಾಗಿ ದಿಬ್ಬ ಹತ್ತಿ ಒಳಗೆ ಹೋದವು. ಹತ್ತು ಹಿಡಿಯದ ಲಾರಿಯಲ್ಲಿ ನಲವತ್ತೂ ಹಿಡಿದವು. ಜಗದೇವಪ್ಪನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

ಸಂಜೆಯೊಳಗೆ ಲಾರಿ ಶಹಾಬಾದ್ ಮುಟ್ಟಿತು. ಒಂದೂ ಹಿಂದುಳಿಯಲಿಲ್ಲ. ವ್ಯಾಪಾರಿಗಳು ಭಾಳ ಹೊಗಳಿದರು, ಲಾರಿಯನ್ನು.

ಲಾಲ್ ಅಹ್ಮದ್ ಆ ಗಂಟೆ ಹಿಡಿದು ಗಣಿಯಿಂದ ಒಬ್ಬನೇ ಚಿಂಚೋಳಿಗೆ ಕುದುರೆ ತಿರುಗಿಸಿದ. ನಾಲ್ಕೂ ಕಾಲು ಗಟ್ಟಿಯಿದ್ದ ಕುದುರೆ ಅಂದಿನಿಂದ ಎಡಗಾಲು ಕುಂಟುತ್ತ ನಡೆಯಿತು.