ಇಲ್ಲದ ಮೀಟರಿನ ಉತ್ತರ

ಕರೆಂಟಿನ ಕೆಲಸ ಮಾಡುವವನಿಗೆ ದೆವ್ವಭೂತ ನಂಬಲು ಪುರುಸೊತ್ತೆಲ್ಲಿ? ಯಾರಾದರೂ ಅಂಥ ಕತೆ ಹೇಳಿದರೆ, ಎಲ್ಲೋ ವೈರು ಸಡಿಲಾಗಿರಬೇಕು ನೋಡಪ್ಪ ಎಂದು ನಗುತ್ತಿದ್ದೆ. ಈಗಲೂ ನಂಬುವವನಲ್ಲ. ಆದರೆ ಜೇವರ್ಗಿಯ ಒಂದು ಶುಕ್ರವಾರ ಮಧ್ಯಾಹ್ನ ನೆನಪಾದರೆ ಹಾಗೆ ನಗಲಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಊರಾಚೆ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಖಾಸಗಿ ಕಾರ್ಖಾನೆಯಲ್ಲಿ ನಾನು ಪರೀಕ್ಷೆ ಮಾಡುವವನು. ರಿಪೇರಿಯಾದದ್ದನ್ನು ಶೆಡ್ಡಿನ ಕಬ್ಬಿಣದ ಜಾಲಿಯ ಪಂಜರದೊಳಗಿಟ್ಟು ಸಾವಿರಾರು ವೋಲ್ಟ್ ಕೊಟ್ಟು ನೋಡಬೇಕು. ಪರೀಕ್ಷೆ ನಡೆಸುವ ಕಂಪ್ಯೂಟರ್ ಇದ್ದದ್ದು ಗೋಡೆಯಾಚೆ, ಬೇರೆ ಕೋಣೆಯಲ್ಲಿ. ನಡುವೆ ಇಟ್ಟಿಗೆಯಷ್ಟು ದೊಡ್ಡ ಒಂದು ಅಡಾಪ್ಟರ್ ಡಬ್ಬಿ. ಕಂಪ್ಯೂಟರಿನ ಮಾತು ನೆಟ್‌ವರ್ಕ್ ವೈರಿನಲ್ಲಿ ಡಬ್ಬಿಗೆ ಬರುತ್ತಿತ್ತು; ಡಬ್ಬಿ ಅದನ್ನು ಕರೆಂಟು ಅಳೆಯುವ ಮೀಟರುಗಳನ್ನೆಲ್ಲ ಪೋಣಿಸಿದ ದಪ್ಪ ಕೇಬಲಿಗೆ ದಾಟಿಸುತ್ತಿತ್ತು. ಪ್ರತಿ ಮೀಟರಿಗೂ ಒಂದೊಂದು ನಂಬರು. ಶಾಲೆಯ ಹಾಜರಿಯಂತೆ, ಕರೆದ ನಂಬರಿನದು ಮಾತ್ರ ಉತ್ತರ ಕೊಡಬೇಕು. ಆ ಉತ್ತರವನ್ನು ಡಬ್ಬಿ ತಿರುಗಿ ಕಂಪ್ಯೂಟರಿಗೆ ಮುಟ್ಟಿಸುತ್ತಿತ್ತು.

ಪರೀಕ್ಷೆಗೆ ಮೊದಲು ಕಂಪ್ಯೂಟರ್ ಒಂಬತ್ತನೇ ನಂಬರನ್ನು ಕೇಳುತ್ತಿತ್ತು: ಜಾಲಿಯೊಳಗೆ ಕರೆಂಟಿದೆಯೇ? ಸೊನ್ನೆ ಎಂದು ಬಂದರಷ್ಟೇ ಮುಂದಿನ ಕೆಲಸ. ಆ ವಾರ ಒಂಬತ್ತನೇ ಮೀಟರು ಕೆಟ್ಟು ರಿಪೇರಿಗೆ ಹೋಗಿತ್ತು. ಕೆಲಸ ನಿಲ್ಲಬಾರದೆಂದು, ಒಂಬತ್ತು ಮಾತಾಡದಿದ್ದರೂ ಮುಂದೆ ಹೋಗು ಎಂದು ಪ್ರೋಗ್ರಾಮು ತಿದ್ದಿದವನು ನಾನೇ. ಮೂರ್ಖತನ, ಶುದ್ಧ ಮೂರ್ಖತನ.

ನಮ್ಮದೊಂದು ಪದ್ಧತಿಯಿತ್ತು. ಜಾಲಿಯೊಳಗೆ ಹೋಗುವವನು ತನ್ನ ಟವೆಲನ್ನು ಕೀಬೋರ್ಡಿನ ಮೇಲೆ ಹಾಸಿ ಹೋಗಬೇಕು. ಟವೆಲು ಇರುವತನಕ ಯಾರೂ ಕೀ ಮುಟ್ಟುವಂತಿಲ್ಲ. ಅಫಜಲಪುರದ ಮೆಹಬೂಬಣ್ಣ ನನ್ನ ಜೊತೆಗಾರ, ವಯಸ್ಸಿನಲ್ಲಿ ಹಿರಿಯ. ಅಂದು ನಮಾಜು ಮುಗಿಸಿ ನೇರ ಬಂದವನ ಹತ್ತಿರ ಟವೆಲಿರಲಿಲ್ಲ. ತಲೆಯ ಟೊಪ್ಪಿಗೆ ತೆಗೆದು ಕೀಬೋರ್ಡಿನ ಮೇಲಿಟ್ಟು ಒಳಗೆ ಹೋಗಿದ್ದಾನೆ. ಊಟ ಮಾಡಿ ಬಂದ ನಾನು ನೋಡಿದೆ. ಅಯ್ಯೋ, ನಮಾಜಿನ ಟೊಪ್ಪಿಗೆ ಧೂಳಿನಲ್ಲಿ ಮರೆತು ಹೋಗಿದ್ದಾನಲ್ಲ ಎಂದು, ಎರಡೂ ಕೈಯಿಂದ ಎತ್ತಿ ಬಸವಣ್ಣನವರ ಫೋಟೋ ಪಕ್ಕ ಇಟ್ಟೆ. ಆಮೇಲೆ ಕೂತು ಪರೀಕ್ಷೆ ಶುರುಮಾಡುವ ಕೀ ಒತ್ತಿದೆ.

ಪರದೆಯ ಮೇಲೆ ಬಂತು: ಒಂಬತ್ತು, 231 ವೋಲ್ಟ್. ಪರೀಕ್ಷೆ ನಿಂತಿತು.

ಇದೆಲ್ಲಿಯ ಪೀಡೆ! ಹೊರಗೆ ಟ್ರಾನ್ಸ್‌ಫಾರ್ಮರ್ ಒಯ್ಯಲು ಬಂದ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಮತ್ತೆ ಒತ್ತಿದೆ, ಅದೇ. ಮೂರನೆಯ ಸಲವೂ ಅದೇ. ಯಾವ ಪುಣ್ಯಾತ್ಮ ಬೇರೆ ಮೀಟರಿಗೆ ಒಂಬತ್ತರ ನಂಬರು ಕೊಟ್ಟನೋ ಎಂದು ಬೈಯುತ್ತ ಶೆಡ್ಡಿಗೆ ನಡೆದೆ.

ಜಾಲಿಯೊಳಗೆ ಮೆಹಬೂಬಣ್ಣ ಟ್ರಾನ್ಸ್‌ಫಾರ್ಮರ್ ತಬ್ಬಿಕೊಂಡು ಅದರ ತುದಿ ಒರೆಸುತ್ತಿದ್ದ.

“ಹೊರಗ ಬರ್ರಿ! ಮೊದ್ಲ ಹೊರಗ ಬರ್ರಿ!” ಎಂದು ಅರಚಿದೆ.

“ಯಾಕೋ ತಮ್ಮಾ, ಟೊಪ್ಪಿಗಿ ಇಟ್ಟು ಬಂದೇನಲ್ಲ?” ಎಂದ.

ಅಲ್ಲೇ ನೆಲಕ್ಕೆ ಕೂತು ಎಲ್ಲ ಹೇಳಿದೆ. ಅವನು ನನ್ನ ಬೆನ್ನು ಸವರಿ, “ನೀರು ಕುಡಿ, ಏಳು,” ಎಂದ.

ಜಾಲಿಯೊಳಗೆ ಕರೆಂಟಿರಲಿಲ್ಲ. ಒಂಬತ್ತರ ಜಾಗ ಖಾಲಿಯೇ ಇತ್ತು, ಕೇಬಲಿನ ತುದಿ ಜೋತಾಡುತ್ತಿತ್ತು. ಒಂದೊಂದೇ ಮೀಟರು ತಿರುಗಿಸಿ ನಂಬರು ನೋಡಿದೆ, ಬೇರಾವುದಕ್ಕೂ ಒಂಬತ್ತಿರಲಿಲ್ಲ. ಹಳೆಯ ಉತ್ತರ ಡಬ್ಬಿಯಲ್ಲಿ ಉಳಿದಿರಬೇಕು ಎಂದರು ನಮ್ಮ ಇಂಜಿನಿಯರು. ಆದರೆ ಬೆಳಿಗ್ಗೆ ಎರಡು ತಾಸು ಕರೆಂಟು ಹೋಗಿ ಡಬ್ಬಿ ಸತ್ತು ಬಿದ್ದಿತ್ತಲ್ಲ? ಕರೆಂಟು ಹೋದರೆ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ. ನಾನು ಪ್ರೋಗ್ರಾಮನ್ನು ಮೊದಲಿನಂತೆ ಮಾಡಿದೆ. ಹೊಸ ಮೀಟರು ಬರುವತನಕ ದಿನಾ ಒಂಬತ್ತನ್ನು ಕರೆದೆ. ಮತ್ತೆ ಮಾತಾಡಲಿಲ್ಲ.

ರಮಜಾನಿಗೆ ಮೆಹಬೂಬಣ್ಣನ ಮನೆಗೆ ಹೋದಾಗ ಅವನ ಹೆಂಡತಿ ಶೀರ್‌ಖುರ್ಮಾ ಪಾಯಸದ ಬಟ್ಟಲು ಕೊಟ್ಟು ಕಣ್ಣೊರೆಸಿಕೊಂಡಳು. “ಹೊತ್ತಿಗಿ ಸರಿಯಾಗಿ ಓಡಿ ಬಂದು ಇವರ್ನ ಉಳಿಸಿದ್ರಂತಲ್ರಿ ಭಾಯಿ. ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ?”

ಮೆಹಬೂಬಣ್ಣನ ಮುಖ ನೋಡಿದೆ. ಅವನು ಮನೆಯಲ್ಲಿ ಹೇಳಿದ್ದು ಅಷ್ಟೇ. ಕೀ ಒತ್ತಿದ್ದು ಯಾರೆಂದು ಹೇಳಿರಲಿಲ್ಲ. ನಿಜ ಹೇಳಲು ಬಾಯಿ ತೆರೆಯಹೋದೆ. “ಉಣ್ಣೋ, ಆರಿ ಹೋಗ್ತದ,” ಎಂದ.

ಅಂದು ಉತ್ತರ ಕೊಟ್ಟವರು ಯಾರೋ, ಇಂದಿಗೂ ತಿಳಿದಿಲ್ಲ. ಯಾರೇ ಇರಲಿ, ದಿನಾ ಕೈ ಮುಗಿಯುತ್ತೇನೆ. ಅವರು ಉಳಿಸಿದ್ದು ಇಬ್ಬರನ್ನು, ಅವನನ್ನೂ ನನ್ನನ್ನೂ.