ಟೋಕಿಯೋ ಮಹಡಿಗೆ ದಾರಿ

1986ರಲ್ಲಿ, ನಾಲ್ಕನೇ ಕ್ಲಾಸಿನ ನಡುವೆ ನಾನು ಓದು ಬಿಟ್ಟೆ. ನಮ್ಮ ಸ್ಕೂಲಲ್ಲಿ ಇಂಗ್ಲಿಷ್ ಶುರುವಾಗ್ತಿದ್ದದ್ದು ಐದರಿಂದ. ಕನ್ನಡ ಪೇಪರನ್ನ ಒಂದಕ್ಷರ ಬಿಡದೆ ಓದ್ತೀನಿ. ಇಂಗ್ಲಿಷ್ ಕಾಗದ ಬಂದರೆ ಮಾತ್ರ "ಕನ್ನಡಕ ಎಲ್ಲಿಟ್ಟೆನೋ" ಅಂತ ಮಗಳ ಕೈಗೆ ದಾಟಿಸ್ತಿದ್ದೆ. ಈ ಗುಟ್ಟು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತಲೇ ನನ್ನ ಲೆಕ್ಕವಾಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋ ಕಸುಬು ನನ್ನದು. ಆ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ.

ಮಗಳು ಮುದ್ದೇನಹಳ್ಳಿ ಕಡೆ ಕಾಲೇಜಲ್ಲಿ ಪಾಠ ಮಾಡ್ತಾಳೆ. ಹೋದ ವರ್ಷ ನಮ್ಮಿಬ್ಬರನ್ನೂ ಬ್ಯಾಂಕಾಕಿಗೆ ಕರಕೊಂಡು ಹೋದಳು. ಅಲ್ಲೊಂದು ಮಾಲ್. ಒಳಗೆಲ್ಲ ಏರ್‌ಪೋರ್ಟ್ ಥರ ಕಟ್ಟಿದ್ದಾರೆ, ಒಂದೊಂದು ಮಹಡಿಗೆ ಒಂದೊಂದು ದೇಶದ ಊರು. ನನಗೆ ನಿಜವಾದ ಏರ್‌ಪೋರ್ಟೇ ಅನ್ನಿಸಿ, ಬಾಗಿಲಲ್ಲಿ ನಿಂತಿದ್ದವನಿಗೆ ಪಾಸ್‌ಪೋರ್ಟ್ ಚಾಚಿದೆ. ಅವನು ನಗಲಿಲ್ಲ. ಎರಡೂ ಕೈಯಲ್ಲಿ ಈಸ್ಕೊಂಡು, ಬಗ್ಗಿ ಕೈಮುಗಿದು, ವಾಪಸ್ ಕೊಟ್ಟ.

ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ತಲೆ ಮೇಲೆ ಒಂದು ಕೆಂಪು ಸೇತುವೆ. ಅಂಬಾಜಿದುರ್ಗದ ಬೆಟ್ಟ ಹತ್ತೋ ಹಾಗೆ ಉದ್ದಕ್ಕೆ ಎದ್ದ ಎಸ್ಕಲೇಟರ್. ಹೆಂಡತಿ ನನ್ನ ಅಂಗಿ ಹಿಡ್ಕೊಂಡು, "ಏನ್ರೀ, ಇದನ್ನ ಮನುಷ್ಯರೇ ಕಟ್ಟಿದ್ರಾ?" ಅಂದಳು.

ಮಗಳಿಗೆ ಏನೋ ಕೊಳ್ಳೋದಿತ್ತು. "ಅಪ್ಪ, ನೀವಿಬ್ರೂ ನಿಧಾನವಾಗಿ ನೋಡ್ಕೊಂಡು ಟೋಕಿಯೋ ಮಹಡಿಗೆ ಬನ್ನಿ, ಜಪಾನಿನ ಊರು. ಬೋರ್ಡ್ ಇದೆ" ಅಂತ ಹೊರಟೇಹೋದಳು. ನಾನು ಗತ್ತಾಗಿ "ಆಯ್ತಮ್ಮ" ಅಂದೆ. ನಮ್ಮ ಫೋನಿಗೆ ಅಲ್ಲಿ ನೆಟ್‌ವರ್ಕ್ ಇಲ್ಲ.

ಮೊದಲ ಮಹಡೀಲಿ ಕಲ್ಲಿನ ವಿಗ್ರಹಗಳು. "ಇದೇನಾ?" ಅಂದಳು ಹೆಂಡತಿ.

"ಅಲ್ಲ."

"ಬೋರ್ಡ್ ಓದಿದ್ರಾ?"

"ಸುಮ್ನೆ ಬಾರೇ."

ಮುಂದಿನ ಮಹಡೀಲಿ ನಿಜವಾದ ಬಸ್ಸಿನಷ್ಟೇ ದೊಡ್ಡ ಕೆಂಪು ಬಸ್ಸು, ಒಳಗೆ ಅಂಗಡಿ. ಅದೂ ಅಲ್ಲವೇನೋ. ದಾರಿ ತಪ್ಪಿದ್ದಕ್ಕಿಂತ, ಮಗಳ ಮುಂದೆ ಗುಟ್ಟು ರಟ್ಟಾಗುತ್ತಲ್ಲ ಅನ್ನೋದೇ ದೊಡ್ಡ ಭಯ.

ಅದರ ಮೇಲಿನ ಮಹಡೀಲಿ ಕಾಗದದ ದೀಪಗಳ ಕೆಳಗೆ ಗೊಂಬೆಗಳು, ಅಗಲ ತೋಳಿನ ನಿಲುವಂಗಿ ತೊಟ್ಟು ನಿಂತಿದ್ದವು. ನನ್ನ ನೂಲಿನ ಶೆಡ್ಡಲ್ಲಿ ಜಪಾನಿನವರು ಯಾರೋ ಕೊಟ್ಟುಹೋದ ಹಳೇ ಕ್ಯಾಲೆಂಡರ್ ಒಂದಿದೆ. ಅದರಲ್ಲಿರೋ ಹೆಂಗಸರದ್ದು ಇದೇ ಉಡುಪು. ತೋಳಿನ ಅಂಚು ಮುಟ್ಟಿ ನೋಡಿದೆ.

"ರೇಷ್ಮೆ ಅಲ್ಲ ಕಣೇ. ಆದ್ರೂ ಜಪಾನು ಇದೇ."

ಮಗಳು ಅಲ್ಲೇ ಬೆಂಚಿನ ಮೇಲಿದ್ದಳು. "ಪರವಾಗಿಲ್ವೇ ಅಪ್ಪ, ಬೋರ್ಡ್ ನೋಡ್ಕೊಂಡು ಕರೆಕ್ಟಾಗಿ ಬಂದ್ಬಿಟ್ಟೆ ನೀನು!"

ಹೂಂ ಅಂದಿದ್ದರೆ ಮುಗೀತಿತ್ತು. ಆದರೆ ಅಷ್ಟು ದೊಡ್ಡದನ್ನ ಕಣ್ಣಾರೆ ನೋಡಿದ ಮೇಲೆ ಚಿಕ್ಕ ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲಮ್ಮ. ನನಗೆ ಇಂಗ್ಲಿಷ್ ಓದಕ್ಕೆ ಬರಲ್ಲ."

"ಗೊತ್ತು ಬಿಡಪ್ಪ. ಕನ್ನಡಕ ಮೂಗಿನ ಮೇಲಿಟ್ಕೊಂಡೇ ಎಷ್ಟು ಸಲ ಹುಡುಕಿದೀಯ ನೀನು!"

ಹೆಂಡತಿ ನಕ್ಕ ನಗುವಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಇಳಿಯುವಾಗ ಮಗಳು ಪ್ರತಿ ಮಹಡಿಯ ಬೋರ್ಡಿನ ಕೆಳಗೂ ನನ್ನ ನಿಲ್ಲಿಸಿ, ಗಟ್ಟಿಯಾಗಿ ಅಕ್ಷರ ಹೇಳಿಸಿದಳು. ಇಂಗ್ಲಿಷಿನ ಪಕ್ಕದಲ್ಲೇ ಬ್ಯಾಂಕಾಕಿನವರ ಅಕ್ಷರವೂ ಇತ್ತು. "ಇದೇನಮ್ಮ?" ಅಂದೆ. "ಇದು ನನಗೂ ಬರಲ್ಲಪ್ಪ" ಅಂದಳು.

ಈಗ ನನ್ನ ಹತ್ತಿರ ನೂಲು ತೆಗೆಯೋ ಬೇಸಿನ್ ಹತ್ತು, ಸಾದಲಿ ಹತ್ತಿರ ಹಿಪ್ಪುನೇರಳೆ ತೋಟ ಎರಡು ಎಕರೆ, ಪಾಸ್‌ಪೋರ್ಟಲ್ಲಿ ಮುದ್ರೆ ನಾಲ್ಕು, ಇಂಗ್ಲಿಷ್ ಅಕ್ಷರ ಹತ್ತೊಂಬತ್ತು.